ಕಮಾಂಡ್ ಪ್ರಾಂಪ್ಟ್‌ನಿಂದ ಸಿಗ್‌ವಿನ್ ಕಿಟಕಿ ತೆರೆದ ಕೆಲಸದ ದಾಖಲೆ

ಶಿವಮೊಗ್ಗದ ಒಂದು ಸಣ್ಣ ಡಿಟಿಪಿ ಮತ್ತು ಪ್ರಕಾಶನ ಕಚೇರಿಯ ಮೂರು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಬಿಡುವಿನ ವೇಳೆಯ ಕೆಲಸ. ಮೂರರಲ್ಲೂ ವಿಂಡೋಸ್ 10 ಇದೆ. ನುಡಿ ತಂತ್ರಾಂಶದಲ್ಲಿ ವರ್ಷಾನುಗಟ್ಟಲೆ ಬೆರಳಚ್ಚಾದ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಸಂಕೇತದ ಕಡತಗಳು ಅಲ್ಲಿ ರಾಶಿ ಬಿದ್ದಿದ್ದು, ಅವನ್ನು ಯೂನಿಕೋಡ್‌ಗೆ ತರುವ ಪರ್ಲ್ ಭಾಷೆಯ ಸ್ಕ್ರಿಪ್ಟೊಂದನ್ನು (ಸಣ್ಣ ಕಾರ್ಯಕ್ರಮವೊಂದನ್ನು) ನಾನು ಮನೆಯ ಲಿನಕ್ಸ್ ಯಂತ್ರದಲ್ಲಿ ಹಿಂದೆಯೇ ಬರೆದಿಟ್ಟುಕೊಂಡಿದ್ದೆ. ಕಚೇರಿಯ ಆಪರೇಟರ್ ಮೇಡಂ ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಿಂದ ಬಂದವರಾದ್ದರಿಂದ, ಆಜ್ಞೆ ಒತ್ತಿ ಕೆಲಸ ಮಾಡಿಸುವ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಪರದೆ ಅವರಿಗೆ ಹೊಸದಲ್ಲ. ಅವರು ಕೇಳಿದ್ದು ಇಷ್ಟೆ: ಕಪ್ಪು ಪರದೆಯಲ್ಲಿ ತಾವು ಯಾವ ಫೋಲ್ಡರ್‌ನಲ್ಲಿ ನಿಂತಿದ್ದಾರೋ ಅಲ್ಲಿಯೇ ಒಂದು ಪದ ಒತ್ತಿದರೆ ಲಿನಕ್ಸ್‌ನಲ್ಲಿರುವಂಥ ಯೂನಿಕ್ಸ್ ಬಗೆಯ ಆಜ್ಞೆಗಳ ಕಿಟಕಿ ತೆರೆಯಬೇಕು, ಇನ್ನೊಂದು ಪದ ಒತ್ತಿ ಕಡತದ ಹೆಸರು ಕೊಟ್ಟರೆ ಪರಿವರ್ತನೆ ನಡೆದು ಫಲಿತಾಂಶ ಕಣ್ಣಿಗೆ ಕಾಣಬೇಕು.

ಯೂನಿಕ್ಸ್ ಸಲಕರಣೆಗಳನ್ನು ವಿಂಡೋಸ್‌ನಲ್ಲಿ ಓಡಿಸುವ ಸಿಗ್‌ವಿನ್ ಎಂಬ ತಂತ್ರಾಂಶ ಹಾಕಿದರಾಯಿತು, ಒಂದು ಸಂಜೆಯ ಕೆಲಸವೆಂದು ಒಪ್ಪಿಕೊಂಡೆ. ಕಿಟಕಿಯನ್ನು ತೆರೆಯುವುದಕ್ಕೆ ನಿಜಕ್ಕೂ ಒಂದು ಸಂಜೆಯೇ ಸಾಕಾಯಿತು. ಅದನ್ನು ಸರಿಯಾದ ಜಾಗದಲ್ಲಿ, ಸರಿಯಾದ ಸಿದ್ಧತೆಯೊಂದಿಗೆ ತೆರೆಯುವಂತೆ ಮಾಡಲು ಒಂದು ವಾರ ಹಿಡಿಯಿತು. ಖರ್ಚು ಒಂದು 32 ಜಿಬಿ ಪೆನ್ ಡ್ರೈವ್‌ಗೆ ಕೊಟ್ಟ 420 ರೂಪಾಯಿ ಮಾತ್ರ. ಸಮಯ ಒಟ್ಟು ಹನ್ನೊಂದು ಗಂಟೆಗಿಂತ ಕಡಿಮೆಯಿಲ್ಲ.

ಆಜ್ಞೆಗಳನ್ನು ಇಲ್ಲಿ ಓದಿ ಹೇಳುವ ರೀತಿಯಲ್ಲಿ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಯಂತ್ರಕ್ಕೆ ಕೊಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು. ಸಿಗ್‌ವಿನ್ ಕಿಟಕಿಯ ಹೆಸರು ಮಿಂಟಿ; ಹಾಗೆಂದಿರುವಲ್ಲಿ ಎಂ, ಐ, ಎನ್, ಟಿ, ಟಿ, ವೈ ಎಂಬ ಆರು ಅಕ್ಷರಗಳಿವೆ. ಟಿ ಎರಡು ಬಾರಿ ಬರುವುದನ್ನು ನಾನೇ ಮೊದಲ ದಿನ ಮೂರು ಸಲ ತಪ್ಪಿದ್ದೇನೆ.

ಜೂನ್ 7, ಶನಿವಾರ: ಅನುಸ್ಥಾಪನೆ

ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಇರುವಾಗ ಸಿಗ್‌ವಿನ್ ಏಕೆ ಎಂಬ ಪ್ರಶ್ನೆ ಸಹಜ. ಡಬ್ಲ್ಯುಎಸ್‌ಎಲ್ ಅನ್ನು ಚಾಲನೆಗೊಳಿಸಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಆ ಪಾಸ್‌ವರ್ಡ್ ನಿರ್ವಹಣೆಯ ಗುತ್ತಿಗೆ ಹಿಡಿದವರ ಬಳಿ ಇತ್ತು, ಅವರು ಎರಡು ವಾರ ಫೋನ್ ಎತ್ತಲಿಲ್ಲ. ಸಿಗ್‌ವಿನ್‌ಗೆ ಆ ಹಂಗಿಲ್ಲ. ಅದು ಬೇರೆ ಆಪರೇಟಿಂಗ್ ಸಿಸ್ಟಂ ಅಲ್ಲ. ಯೂನಿಕ್ಸ್ ಸಲಕರಣೆಗಳನ್ನು ವಿಂಡೋಸ್‌ಗಾಗಿ ಕಂಪೈಲ್ ಮಾಡಿ, ನಡುವೆ ಸಿಗ್‌ವಿನ್1.ಡಿಎಲ್‌ಎಲ್ ಎಂಬ ಒಂದು ಕಡತವನ್ನು ದುಭಾಷಿಯಾಗಿ ನಿಲ್ಲಿಸಿದ ಏರ್ಪಾಡು. 1995ರಲ್ಲಿ ಸಿಗ್ನಸ್ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ಇದನ್ನು ಆರಂಭಿಸಿದರು. ಅದರ ಜೊತೆಗೇ ಬರುವ ಕಿಟಕಿಯ ಹೆಸರು ಮಿಂಟಿ. ದೂರದ ಯಂತ್ರಗಳಿಗೆ ಸಂಪರ್ಕ ಕೊಡುವ ಪುಟಿ ತಂತ್ರಾಂಶದ ಟರ್ಮಿನಲ್ (ಆಜ್ಞೆ ಒತ್ತುವ ಕಿಟಕಿ) ಭಾಗವನ್ನು ತೆಗೆದುಕೊಂಡು ಆಂಡಿ ಕೋಪ್ ಅದನ್ನು ಕಟ್ಟಿದರು, ಆಮೇಲೆ ಥಾಮಸ್ ವುಲ್ಫ್ ಮುಂದುವರಿಸಿಕೊಂಡು ಬಂದಿದ್ದಾರೆ.

64 ಬಿಟ್‌ನ ಸೆಟಪ್ ಕಡತವನ್ನು ಇಳಿಸಿಕೊಂಡು, ಅದನ್ನು ಎರಡು ಬಾರಿ ಕ್ಲಿಕ್ ಮಾಡಿದೆ. ಅದು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿತು. ಇದನ್ನು ತಪ್ಪಿಸಲು ಸೆಟಪ್ ಅನ್ನು ಕಮಾಂಡ್ ಪ್ರಾಂಪ್ಟ್‌ನಿಂದ, ಕೊನೆಗೆ ಹೈಫನ್ ಮತ್ತು ದೊಡ್ಡಕ್ಷರದ ಬಿ ಸೇರಿಸಿ ಓಡಿಸಬೇಕು. ಹಾಗೆ ಮಾಡಿದಾಗ ಪಾಸ್‌ವರ್ಡ್ ಕೇಳದೆ ಮುಂದೆ ಹೋಯಿತು.

ಮೊದಲು ಬಳಕೆದಾರರ ಸ್ವಂತ ಫೋಲ್ಡರ್‌ನೊಳಗೆ ಸ್ಥಾಪಿಸಲು ನೋಡಿದೆ. ಆ ಫೋಲ್ಡರ್‌ನ ಹೆಸರಿನಲ್ಲಿ ನಡುವೆ ಖಾಲಿ ಜಾಗವಿದ್ದುದರಿಂದ ಸೆಟಪ್ ಎಚ್ಚರಿಸಿತು. ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿಯುವ ಮನಸ್ಸಾದರೂ, ಖಾಲಿ ಜಾಗದ ಹೆಸರುಗಳಿಂದ ಹಿಂದೆ ಪಟ್ಟ ಪಾಡು ನೆನಪಾಗಿ ಡಿ ಡ್ರೈವ್‌ನಲ್ಲಿ ಸಿಗ್‌ವಿನ್64 ಎಂಬ ಫೋಲ್ಡರ್ ಮಾಡಿಕೊಂಡೆ. ಮೂಲ ಕಟ್ಟಿನಲ್ಲಿಯೇ (ಪ್ಯಾಕೇಜ್) ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಶೆಲ್ ಮತ್ತು ಮಿಂಟಿ ಬರುತ್ತವೆ. ನಾನು ಹೆಚ್ಚಿಗೆ ಆರಿಸಿದ್ದು ಪರ್ಲ್ ಮತ್ತು ವಿಂಡೋಸ್ ಪದ್ಧತಿಯ ಪಠ್ಯ ಕಡತವನ್ನು ಯೂನಿಕ್ಸ್‌ಗೆ ಹೊಂದಿಸುವ ಡಾಸ್2ಯೂನಿಕ್ಸ್ ಮಾತ್ರ. ಕಚೇರಿಯ ಇಂಟರ್‌ನೆಟ್‌ನಲ್ಲಿ 25 ನಿಮಿಷ ಹಿಡಿಯಿತು. ಇಳಿಸಿದ ಕಟ್ಟುಗಳನ್ನೆಲ್ಲ ಪೆನ್ ಡ್ರೈವ್‌ಗೆ ನಕಲು ಮಾಡಿಕೊಂಡೆ, ಏಕೆಂದರೆ ಸೆಟಪ್‌ನಲ್ಲಿ ಸ್ಥಳೀಯ ಫೋಲ್ಡರ್‌ನಿಂದಲೇ ಸ್ಥಾಪಿಸುವ ಆಯ್ಕೆಯಿದ್ದು, ಎರಡನೆಯ ಯಂತ್ರಕ್ಕೆ ಮತ್ತೆ ಇಳಿಸುವ ಅಗತ್ಯ ಬೀಳುವುದಿಲ್ಲ. 420 ರೂಪಾಯಿ ಹೋದದ್ದು ಇಲ್ಲಿ.

ಅದೇ ಸಂಜೆ: ಒಂದು ಅಡ್ಡಗೆರೆಯ ಬೆಲೆ

ಕಮಾಂಡ್ ಪ್ರಾಂಪ್ಟ್‌ನಲ್ಲಿ ಬರಿಯ ಮಿಂಟಿ ಎಂದು ಒತ್ತಿದರೆ ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ ಬಂದಿತು. ಅದು ನಿರೀಕ್ಷಿತವೇ. ಪೂರ್ಣ ದಾರಿ ಕೊಟ್ಟೆ:

ಡಿ:\ಸಿಗ್‌ವಿನ್64\ಬಿನ್\ಮಿಂಟಿ.ಇಎಕ್ಸ್‌ಇ

ಕಿಟಕಿ ತಟ್ಟನೆ ತೆರೆಯಿತು. ಇಷ್ಟೇನೇ ಎಂದುಕೊಂಡು, ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಎಂಬ ಆಜ್ಞೆ ಒತ್ತಿದೆ. ಕಮಾಂಡ್ ನಾಟ್ ಫೌಂಡ್ ಎಂದಿತು. ಯೂನಿಕ್ಸ್ ಕಿಟಕಿಯಲ್ಲಿ ಎಲ್‌ಎಸ್ ಇಲ್ಲವೆಂದರೆ ಅಡುಗೆಮನೆಯಲ್ಲಿ ಉಪ್ಪಿಲ್ಲವೆಂದಂತೆ. ಕಡತ ಹುಡುಕುವ ಫೈಂಡ್ ಒತ್ತಿ ನೋಡಿದೆ. ಅದು ಸಿಕ್ಕಿತು, ಆದರೆ ‘ಫೈಂಡ್: ಪ್ಯಾರಾಮೀಟರ್ ಫಾರ್ಮ್ಯಾಟ್ ನಾಟ್ ಕರೆಕ್ಟ್’ ಎಂದು ಗದರಿತು. ಇದು ಯೂನಿಕ್ಸ್‌ನ ಫೈಂಡ್ ಮಾತನಾಡುವ ರೀತಿಯಲ್ಲ. ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ನಲ್ಲಿ ಅದೇ ಹೆಸರಿನ, ಬೇರೆಯೇ ಕೆಲಸದ ಇನ್ನೊಂದು ಫೈಂಡ್ ಇದ್ದು, ನನ್ನ ಕರೆಗೆ ಓಗೊಟ್ಟದ್ದು ಅದು. ಅಂದರೆ ಕಿಟಕಿ ಯೂನಿಕ್ಸ್‌ನದಾದರೂ, ಸಲಕರಣೆಗಳನ್ನು ಹುಡುಕುವ ದಾರಿಪಟ್ಟಿ ಮಾತ್ರ ವಿಂಡೋಸ್‌ನದೇ ಉಳಿದಿತ್ತು.

ಡೆಸ್ಕ್‌ಟಾಪ್‌ನಲ್ಲಿ ಸೆಟಪ್ ತಾನೇ ಇಟ್ಟಿದ್ದ ಐಕಾನ್‌ನಿಂದ ತೆರೆದರೆ ಎಲ್ಲವೂ ಸರಿಯಾಗಿತ್ತು. ಅದರ ಪ್ರಾಪರ್ಟೀಸ್ ತೆರೆದು ಟಾರ್ಗೆಟ್ ಸಾಲನ್ನು ನೋಡಿದೆ: ಮಿಂಟಿಯ ದಾರಿ, ಐಕಾನ್ ಚಿತ್ರಕ್ಕೆ ಹೈಫನ್ ಐ, ಚಿತ್ರದ ಹೆಸರು, ಕೊನೆಗೆ ಒಂದು ಜಾಗ ಬಿಟ್ಟು ಒಂಟಿ ಹೈಫನ್. ಈ ಸಾಲನ್ನು ನಾನು ಅರ್ಧ ಗಂಟೆಯ ಹಿಂದೆಯೇ ನೋಡಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕೊನೆಯ ಹೈಫನ್ ಯಾರದೋ ಕೈತಪ್ಪಿನಿಂದ ಉಳಿದದ್ದೆಂದು ಭಾವಿಸಿ, ನಕಲು ಮಾಡುವಾಗ ಅದನ್ನು ಬಿಟ್ಟಿದ್ದೆ. ಆ ಒಂಟಿ ಹೈಫನ್ನೇ ಲಾಗಿನ್ ಶೆಲ್ ಬೇಕೆಂದು ಹೇಳುವ ಗುರುತು. ಅದಿದ್ದರೆ ಬ್ಯಾಶ್ ಮೊದಲು ಇಟಿಸಿ ಫೋಲ್ಡರ್‌ನ ಪ್ರೊಫೈಲ್ ಕಡತವನ್ನು ಓದುತ್ತದೆ, ಆ ಕಡತ ಸಿಗ್‌ವಿನ್‌ನ ಬಿನ್ ಫೋಲ್ಡರ್‌ಗಳನ್ನು ದಾರಿಪಟ್ಟಿಯ ಮೊದಲಿಗೆ ಸೇರಿಸುತ್ತದೆ; ಇಲ್ಲದಿದ್ದರೆ ಬ್ಯಾಶ್ ಬರಿಗೈಯಲ್ಲಿ ಕೂರುತ್ತದೆ.

ಆಪರೇಟರ್ ಮೇಡಂ ಅವರ ವಿಂಡೋಸ್ ಖಾತೆಯಲ್ಲಿ ಹೈಫನ್ ಸೇರಿಸಿ ತೆರೆದಾಗ, ಅವರ ಮನೆಕೋಶ (ಸಿಗ್‌ವಿನ್‌ನೊಳಗಿನ ಸ್ವಂತ ಫೋಲ್ಡರ್) ಮೊದಲ ಬಾರಿಗೆ ಸಿದ್ಧವಾಗುತ್ತಿದ್ದುದರಿಂದ ‘ಕಾಪಿಯಿಂಗ್ ಸ್ಕೆಲಿಟನ್ ಫೈಲ್ಸ್’ ಎಂಬ ಸಾಲು ಬಂದಿತು. "ಅಸ್ಥಿಪಂಜರ ಯಾಕೆ ಬಂತು ಸರ್?" ಎಂದು ಅವರು ಕೇಳಿದರು. ಹೊಸ ಬಳಕೆದಾರರಿಗೆ ಕೊಡುವ ಖಾಲಿ ಚೌಕಟ್ಟಿನ ಕಡತಗಳು, ಒಮ್ಮೆ ಮಾತ್ರ ಬರುತ್ತವೆ ಎಂದು ಹೇಳಿ ಆ ದಿನದ ಕೆಲಸ ಮುಗಿಸಿದೆ.

ಜೂನ್ 9, ಸೋಮವಾರ: ದಾರಿಪಟ್ಟಿಗೆ ಕೈಹಾಕಿ ಸುಟ್ಟುಕೊಂಡದ್ದು

ಇಡೀ ಕೆಲಸದಲ್ಲಿ ನಾಚಿಕೆಪಡಬೇಕಾದ ಭಾಗ ಇದು.

ಪ್ರತಿಸಲ ಪೂರ್ಣ ದಾರಿ ಒತ್ತುವುದನ್ನು ತಪ್ಪಿಸಲು ಸಿಗ್‌ವಿನ್‌ನ ಬಿನ್ ಫೋಲ್ಡರ್ ಅನ್ನು ವಿಂಡೋಸ್‌ನ ದಾರಿಪಟ್ಟಿಗೆ, ಅಂದರೆ ಪಾತ್‌ಗೆ, ಸೇರಿಸಿಬಿಡೋಣ ಎಂದುಕೊಂಡೆ. ಅದಕ್ಕಿರುವ ಆಜ್ಞೆ ಸೆಟ್‌ಎಕ್ಸ್. ಈಗಿರುವ ಪಾತ್, ಅದರ ಮುಂದೆ ಅರ್ಧವಿರಾಮ, ಅದರ ಮುಂದೆ ಹೊಸ ಫೋಲ್ಡರ್ ಎಂದು ಬರೆದು ಎಂಟರ್ ಒತ್ತಿದೆ. ಉತ್ತರವಾಗಿ ಬಂದ ಸಾಲಿನಲ್ಲಿ ವಾರ್ನಿಂಗ್ ಎಂದೂ, ಉಳಿಸಿದ ದತ್ತವನ್ನು 1024 ಅಕ್ಷರಗಳಿಗೆ ಕತ್ತರಿಸಲಾಗಿದೆ ಎಂದೂ ಇತ್ತು. ಆ ಸಾಲನ್ನು ಓದಿದೆ, ಆದರೆ ಕತ್ತರಿಸಿದ್ದು ಏನನ್ನು ಎಂದು ಯೋಚಿಸದೆ ಹೊಸ ಕಿಟಕಿ ತೆರೆದು ಮಿಂಟಿ ಎಂದು ಒತ್ತಿದೆ. ಸಿಗಲಿಲ್ಲ. ಅಷ್ಟರಲ್ಲಿ ಅದೇ ಯಂತ್ರದಲ್ಲಿ ಹೊಸದೊಂದು ಪಿಡಿಎಫ್ ಕೆಲಸಕ್ಕೆ ಕೈಹಾಕಿದ್ದ ಮೇಡಂ, ಅದಕ್ಕೆ ಬೇಕಾದ ಘೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶ ಓಡುತ್ತಿಲ್ಲ ಎಂದರು.

ನಡೆದದ್ದು ಹೀಗೆ. ಕಮಾಂಡ್ ಪ್ರಾಂಪ್ಟ್‌ಗೆ ಕಾಣುವ ಪಾತ್ ಎಂದರೆ ಇಡೀ ಯಂತ್ರದ ಪಟ್ಟಿ ಮತ್ತು ಬಳಕೆದಾರರ ಪಟ್ಟಿ ಎರಡೂ ಜೋಡಿಸಿದ ಉದ್ದ ಸಾಲು. ಸೆಟ್‌ಎಕ್ಸ್ ಆ ಜೋಡಿ ಸಾಲನ್ನು 1024 ಅಕ್ಷರಗಳಿಗೆ ಕತ್ತರಿಸಿ ಬಳಕೆದಾರರ ಪಟ್ಟಿಯ ಜಾಗದಲ್ಲಿ ಬರೆಯಿತು. ಬಾಲದಲ್ಲಿದ್ದ ಬಳಕೆದಾರರ ಸ್ವಂತ ಫೋಲ್ಡರ್‌ಗಳು, ಅವುಗಳೊಂದಿಗೆ ಘೋಸ್ಟ್‌ಸ್ಕ್ರಿಪ್ಟ್‌ನ ದಾರಿ, ಅದರ ಹಿಂದೆ ನಾನು ಸೇರಿಸಿದ ಸಿಗ್‌ವಿನ್ ಎಲ್ಲವೂ ಕತ್ತರಿಗೆ ಸಿಕ್ಕವು. ಸೇರಿಸಲು ಹೊರಟದ್ದೂ ಸೇರಲಿಲ್ಲ, ಇದ್ದದ್ದೂ ಹೋಯಿತು.

ಉಳಿಸಿದ್ದು ಒಂದು ಆಕಸ್ಮಿಕ. ಆಜ್ಞೆ ಕೊಟ್ಟ ಹಳೆಯ ಕಪ್ಪು ಕಿಟಕಿಯನ್ನು ನಾನಿನ್ನೂ ಮುಚ್ಚಿರಲಿಲ್ಲ. ಸೆಟ್‌ಎಕ್ಸ್ ಮಾಡಿದ ಬದಲಾವಣೆ ಮುಂದೆ ತೆರೆಯುವ ಕಿಟಕಿಗಳಿಗೆ ಮಾತ್ರ ತಟ್ಟುತ್ತದೆ. ಹಳೆಯದರಲ್ಲಿ ಹಳೆಯ ಪಟ್ಟಿ ಹಾಗೆಯೇ ಇರುತ್ತದೆ. ಅಲ್ಲಿ ಪಾತ್ ಎಂದು ಒತ್ತಿದಾಗ ಪೂರ್ಣ ಸಾಲು ಬಂದಿತು. ಅದನ್ನು ನೋಟ್‌ಪ್ಯಾಡ್‌ಗೆ ನಕಲು ಮಾಡಿ, ಬಳಕೆದಾರರ ಪರಿಸರ ಚರಗಳನ್ನು (ಪಾತ್‌ನಂಥ ಹೆಸರಿಟ್ಟ ಮೌಲ್ಯಗಳನ್ನು) ತಿದ್ದುವ ವಿಂಡೋಸ್ ಪರದೆಯಲ್ಲಿ ಒಂದೊಂದೇ ಸಾಲಾಗಿ ಮತ್ತೆ ತುಂಬಿದೆ. ಮುಕ್ಕಾಲು ಗಂಟೆ ಹೋಯಿತು, ಜೊತೆಗೆ ಮೇಡಂ ಅವರ ಮುಂದಿದ್ದ ಸ್ವಲ್ಪ ಮರ್ಯಾದೆಯೂ ಹೋಯಿತು.

ಆಮೇಲೆ ಕೂತು ಯೋಚಿಸಿದಾಗ ಬಿನ್ ಫೋಲ್ಡರ್ ಅನ್ನು ವಿಂಡೋಸ್ ಪಟ್ಟಿಗೆ ಸೇರಿಸುವ ಯೋಜನೆಯೇ ತಪ್ಪೆನಿಸಿತು. ಫೈಂಡ್, ಸಾರ್ಟ್ ಎಂಬ ಹೆಸರುಗಳು ಎರಡೂ ಕಡೆ ಇವೆ. ಯಾವುದು ಮೊದಲು ಸಿಗುತ್ತದೋ ಅದು ಓಡುತ್ತದೆ. ಪಟ್ಟಿಯ ಕ್ರಮ ಬದಲಾದ ದಿನ, ಎಂದೋ ಬರೆದಿಟ್ಟ ಬ್ಯಾಚ್ ಫೈಲೊಂದು (ಕಮಾಂಡ್ ಪ್ರಾಂಪ್ಟ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತ) ಸದ್ದಿಲ್ಲದೆ ಬೇರೆ ಫೈಂಡ್ ಅನ್ನು ಕರೆಯುತ್ತದೆ. ಬದಲಿಗೆ ಡಿ ಡ್ರೈವ್‌ನಲ್ಲಿ ಆಜ್ಞೆ ಎಂಬ ಅರ್ಥದ ಹೆಸರಿಟ್ಟು ಒಂದು ಖಾಲಿ ಫೋಲ್ಡರ್ ಮಾಡಿ, ಅದೊಂದನ್ನೇ ಅದೇ ಪರದೆಯ ಮೂಲಕ ಪಟ್ಟಿಗೆ ಸೇರಿಸಿದೆ. ನಾವು ಬರೆಯುವ ಎರಡು ಬ್ಯಾಚ್ ಫೈಲ್‌ಗಳಲ್ಲದೆ ಅದರಲ್ಲಿ ಬೇರೇನೂ ಇರಬಾರದೆಂದು ನಿರ್ಧರಿಸಿದೆವು.

ಜೂನ್ 10, ಮಂಗಳವಾರ: ಬ್ಯಾಚ್ ಫೈಲ್

ಮೊದಲ ಆಜ್ಞೆಗೆ ಏನು ಹೆಸರಿಡೋಣ ಎಂದು ಕೇಳಿದಾಗ, "ಕಿಟಕಿ ಅಂತಲೇ ಇಡಿ ಸರ್, ಬೇರೆ ಯಾವುದಕ್ಕೂ ಆ ಹೆಸರಿರಲ್ಲ" ಎಂದರು ಮೇಡಂ. ಅದಕ್ಕಿಂತ ಒಳ್ಳೆಯ ಕಾರಣ ನನಗೂ ಹೊಳೆಯಲಿಲ್ಲ. ಮಿಂಟಿ ಎಂದೇ ಹೆಸರಿಟ್ಟಿದ್ದರೆ, ಒಳಗೆ ಪೂರ್ಣ ದಾರಿ ಬರೆಯಲು ಮರೆತ ದಿನ ಬ್ಯಾಚ್ ಫೈಲ್ ತನ್ನನ್ನೇ ತಾನು ಕರೆದುಕೊಳ್ಳುತ್ತಾ ಸುತ್ತುತ್ತಿತ್ತು.

ಒಳಗೆ ಎರಡೇ ಸಾಲು ಬರೆದೆ: ಎಕೋ ಆಫ್, ಆಮೇಲೆ ಮಿಂಟಿಯ ಪೂರ್ಣ ದಾರಿ ಮತ್ತು ಒಂಟಿ ಹೈಫನ್. ಕಿಟಕಿ ಎಂದು ಒತ್ತಿದರೆ ಮಿಂಟಿ ತೆರೆಯಿತು, ಆದರೆ ಹಿಂದಿನ ಕಮಾಂಡ್ ಪ್ರಾಂಪ್ಟ್ ಅಲ್ಲಾಡದೆ ನಿಂತಿತು. ಮಿಂಟಿಯನ್ನು ಮುಚ್ಚಿದ ಮೇಲೆಯೇ ಅದು ಮುಂದಿನ ಆಜ್ಞೆಗೆ ಸಿದ್ಧವಾಯಿತು. ಶನಿವಾರ ಇದೇ ಸಾಲನ್ನು ಕೈಯಾರೆ ಒತ್ತಿದಾಗ ಹೀಗಾಗಿರಲಿಲ್ಲವಲ್ಲ ಎಂದು ಬಹಳ ಹೊತ್ತು ತಲೆಕೆಡಿಸಿಕೊಂಡೆ. ವ್ಯತ್ಯಾಸ ಇರುವುದು ಕಮಾಂಡ್ ಪ್ರಾಂಪ್ಟ್‌ನ ನಡವಳಿಕೆಯಲ್ಲಿ: ಸ್ವಂತ ಕಿಟಕಿಯುಳ್ಳ ಕಾರ್ಯಕ್ರಮವನ್ನು ನೇರವಾಗಿ ಒತ್ತಿ ಕರೆದರೆ ಅದು ಕಾಯುವುದಿಲ್ಲ, ಅದೇ ಕಾರ್ಯಕ್ರಮವನ್ನು ಬ್ಯಾಚ್ ಫೈಲ್‌ನೊಳಗಿಂದ ಕರೆದರೆ ಮುಗಿಯುವ ತನಕ ಕಾಯುತ್ತದೆ. ಕಾಯಬಾರದು ಎನ್ನುವುದಾದರೆ ಸ್ಟಾರ್ಟ್ ಆಜ್ಞೆಯ ಮೂಲಕ ಕರೆಯಬೇಕು.

ಸರಿ, ಮುಂದೆ ಸ್ಟಾರ್ಟ್ ಸೇರಿಸಿ, ದಾರಿಯನ್ನು ಉದ್ಧರಣ ಚಿಹ್ನೆಗಳೊಳಗೆ ಇಟ್ಟೆ. ಈ ಬಾರಿ ಮಿಂಟಿಯೇ ಬರಲಿಲ್ಲ. ‘ವಿಂಡೋಸ್ ಕೆನಾಟ್ ಫೈಂಡ್’ ಎಂಬ ಪೆಟ್ಟಿಗೆಯೊಂದು ಬಂದು, ಸಿಗಲಿಲ್ಲವೆಂದು ಅದು ಹೇಳಿದ ಹೆಸರು ಬರಿಯ ಒಂದು ಹೈಫನ್ ಆಗಿತ್ತು. ಸ್ಟಾರ್ಟ್ ಆಜ್ಞೆ ತನಗೆ ಮೊದಲು ಸಿಗುವ ಉದ್ಧರಣ ಚಿಹ್ನೆಯೊಳಗಿನದನ್ನು ಕಿಟಕಿಯ ಶೀರ್ಷಿಕೆಯೆಂದು ತಿಳಿಯುತ್ತದೆ. ನನ್ನ ಮಿಂಟಿಯ ದಾರಿ ಶೀರ್ಷಿಕೆಯಾಯಿತು, ಹಿಂದಿದ್ದ ಹೈಫನ್ ಓಡಿಸಬೇಕಾದ ಕಾರ್ಯಕ್ರಮವಾಯಿತು. ಇದಕ್ಕೆ ಪರಿಹಾರ ಶೀರ್ಷಿಕೆಯ ಜಾಗದಲ್ಲಿ ಖಾಲಿ ಜೋಡಿ ಚಿಹ್ನೆಯೊಂದನ್ನು ಇಡುವುದು:

ಸ್ಟಾರ್ಟ್ "" "ಡಿ:\ಸಿಗ್‌ವಿನ್64\ಬಿನ್\ಮಿಂಟಿ.ಇಎಕ್ಸ್‌ಇ" -

ನನ್ನ ದಾರಿಯಲ್ಲಿ ಖಾಲಿ ಜಾಗ ಇಲ್ಲದ್ದರಿಂದ ಉದ್ಧರಣ ಚಿಹ್ನೆಯನ್ನೇ ಬಿಟ್ಟರೂ ನಡೆಯುತ್ತಿತ್ತು. ಆದರೂ ಎರಡನ್ನೂ ಇಟ್ಟಿದ್ದೇನೆ. ನಾಳೆ ಯಾರಾದರೂ ಸಿಗ್‌ವಿನ್ ಅನ್ನು ಬೇರೆ ಫೋಲ್ಡರ್‌ಗೆ ಸಾಗಿಸಿದರೆ ಈ ಸಾಲು ಮುರಿಯಬಾರದು.

ಜೂನ್ 11, ಬುಧವಾರ: ನಿಂತಲ್ಲೇ ತೆರೆಯುವುದು

ಈಗ ಕಿಟಕಿ ಎಂದರೆ ಕಿಟಕಿ ಬರುತ್ತಿತ್ತು, ಆದರೆ ಎಲ್ಲಿಂದ ಕರೆದರೂ ಮನೆಕೋಶದಲ್ಲೇ ತೆರೆಯುತ್ತಿತ್ತು. ಕಡತಗಳು ಇರುವ ಫೋಲ್ಡರ್‌ಗೆ ಮತ್ತೆ ನಡೆದು ಹೋಗಬೇಕಾದರೆ ಈ ಏರ್ಪಾಡಿನ ಉಪಯೋಗ ಅರ್ಧಕ್ಕಿಳಿಯುತ್ತದೆ.

ಮೊದಲ ಉಪಾಯವಾಗಿ, ಬ್ಯಾಶ್‌ಗೇ ಹೇಳಿ ಫೋಲ್ಡರ್ ಬದಲಿಸೋಣ ಎಂದುಕೊಂಡೆ. ಲಿನಕ್ಸ್‌ನ ಅಭ್ಯಾಸದಂತೆ ಹೈಫನ್ ಎಲ್‌ಸಿ ಕೊಟ್ಟು, ಒಂಟಿ ಉದ್ಧರಣ ಚಿಹ್ನೆಗಳೊಳಗೆ ಫೋಲ್ಡರ್ ಬದಲಿಸುವ ಸಿಡಿ ಆಜ್ಞೆ, ಈಗಿನ ಫೋಲ್ಡರ್, ನಂತರ &&, ನಂತರ ಎಕ್ಸೆಕ್ ಬ್ಯಾಶ್ ಎಂದು ಬರೆದೆ. ಮಿಂಟಿ ಮಿಂಚಿ ಮಾಯವಾಯಿತು. ಕಪ್ಪು ಪರದೆಯಲ್ಲಿ ಮಾತ್ರ ಎಕ್ಸೆಕ್ ಎಂಬ ಆಜ್ಞೆ ಇಲ್ಲವೆಂಬ ದೂರು ಬಂದಿತು. ಯೂನಿಕ್ಸ್‌ನ ಆಜ್ಞೆಯ ಬಗ್ಗೆ ವಿಂಡೋಸ್ ಏಕೆ ದೂರಬೇಕು? ಏಕೆಂದರೆ ಕಮಾಂಡ್ ಪ್ರಾಂಪ್ಟ್‌ಗೆ ಜೋಡಿ ಉದ್ಧರಣ ಚಿಹ್ನೆ ಮಾತ್ರ ಗೊತ್ತು, ಒಂಟಿ ಚಿಹ್ನೆ ಅದರ ಪಾಲಿಗೆ ಮಾಮೂಲಿ ಅಕ್ಷರ. && ಕಂಡಲ್ಲಿಗೆ ಸಾಲನ್ನು ಎರಡಾಗಿ ಸೀಳಿ, ಮೊದಲರ್ಧವನ್ನು ಮಿಂಟಿಗೆ ಕೊಟ್ಟು, ಎರಡನೆಯ ಅರ್ಧವನ್ನು ತಾನೇ ಓಡಿಸಲು ನೋಡಿತ್ತು. ಚಿಹ್ನೆಗಳನ್ನು ಅದಲುಬದಲು ಮಾಡಿ, ಹೊರಗೆ ಜೋಡಿ ಒಳಗೆ ಒಂಟಿ ಇಟ್ಟಾಗ ಕೆಲಸ ನಡೆಯಿತು. ಆದರೆ ಫೋಲ್ಡರ್‌ನ ಹೆಸರಿನಲ್ಲೇ ಒಂಟಿ ಚಿಹ್ನೆಯೊಂದಿದ್ದರೆ ಮತ್ತೆ ಮುಗ್ಗರಿಸುತ್ತದೆ. ಪುಸ್ತಕದ ಇಂಗ್ಲಿಷ್ ಶೀರ್ಷಿಕೆಗಳನ್ನೇ ಫೋಲ್ಡರ್‌ಗೆ ಹೆಸರಾಗಿಡುವ ಈ ಕಚೇರಿಯಲ್ಲಿ ಅಂಥವು ಎರಡು ಮೂರಾದರೂ ಇದ್ದವು.

ಬೇಸತ್ತು ಕೊನೆಗೆ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ: ಇಟಿಸಿಯ ಪ್ರೊಫೈಲ್ ಕಡತವನ್ನು ತೆರೆದು ಓದಿದೆ. ಮನೆಕೋಶಕ್ಕೆ ಕರೆದೊಯ್ಯುವ ಸಾಲು ಅಲ್ಲೇ ಇತ್ತು, ಅದರ ಮುಂದೆಯೇ ಒಂದು ಷರತ್ತೂ ಇತ್ತು. ಸಿಹಿಯರ್_ಇನ್‌ವೋಕಿಂಗ್ ಎಂಬ ಚರಕ್ಕೆ ಏನಾದರೂ ಮೌಲ್ಯವಿದ್ದರೆ ನಿಂತ ಜಾಗದಲ್ಲೇ ಬಿಡು, ಇಲ್ಲದಿದ್ದರೆ ಮನೆಗೆ ಕರೆದುಕೊಂಡು ಹೋಗು. ಈ ಚರದ ಹೆಸರಿನಲ್ಲಿ ಸಿ ಅಕ್ಷರ, ಹಿಯರ್ ಎಂಬ ಪದ, ಅಡಿಗೆರೆ, ಇನ್‌ವೋಕಿಂಗ್ ಎಂಬ ಪದ ಇಷ್ಟಿವೆ, ಎಲ್ಲವೂ ದೊಡ್ಡಕ್ಷರದಲ್ಲಿ.

ಬ್ಯಾಚ್ ಫೈಲ್‌ನಲ್ಲಿ ಆ ಚರಕ್ಕೆ 1 ಎಂದು ಕೊಟ್ಟೆ. ಕೆಲಸ ಮಾಡಲಿಲ್ಲ. ಮತ್ತೆ ಓದಿದೆ, ಅಕ್ಷರ ಅಕ್ಷರ ಹೋಲಿಸಿದೆ, ಕಂಪ್ಯೂಟರ್ ಅನ್ನು ಒಮ್ಮೆ ಮರುಚಾಲನೆಯನ್ನೂ ಮಾಡಿದೆ. ತಪ್ಪು ಇದ್ದದ್ದು ಸಮ ಚಿಹ್ನೆಯ ಅಕ್ಕಪಕ್ಕ. ಓದಲು ಚೆಂದವಾಗಿರಲೆಂದು ಅದರ ಎರಡೂ ಕಡೆ ಒಂದೊಂದು ಜಾಗ ಬಿಟ್ಟಿದ್ದೆ. ಬ್ಯಾಚ್ ಫೈಲ್‌ನಲ್ಲಿ ಹಾಗೆ ಬಿಟ್ಟರೆ ಆ ಜಾಗವೂ ಚರದ ಹೆಸರಿನ ಭಾಗವಾಗುತ್ತದೆ. ಕೊನೆಯಲ್ಲಿ ಒಂದು ಖಾಲಿ ಅಕ್ಷರವುಳ್ಳ ಬೇರೆಯೇ ಚರ ಹುಟ್ಟುತ್ತದೆ, ಪ್ರೊಫೈಲ್ ಹುಡುಕುವ ಹೆಸರಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ಜಾಗ ತೆಗೆದ ಕೂಡಲೇ ಸರಿಹೋಯಿತು. ಕಿಟಕಿಯ ಪೂರ್ಣ ರೂಪ ಹೀಗಿದೆ:

@ಎಕೋ ಆಫ್
ಸೆಟ್‌ಲೋಕಲ್
ಸೆಟ್ ಸಿಹಿಯರ್_ಇನ್‌ವೋಕಿಂಗ್=1
ಸ್ಟಾರ್ಟ್ "" "ಡಿ:\ಸಿಗ್‌ವಿನ್64\ಬಿನ್\ಮಿಂಟಿ.ಇಎಕ್ಸ್‌ಇ" -

ಸೆಟ್‌ಲೋಕಲ್ ಇಲ್ಲದಿದ್ದರೆ ಆ ಚರ ಬ್ಯಾಚ್ ಫೈಲ್ ಮುಗಿದ ಮೇಲೂ ಕಪ್ಪು ಕಿಟಕಿಯಲ್ಲಿ ಉಳಿದುಬಿಡುತ್ತದೆ. ಅದರಿಂದ ಹಾನಿಯೇನೂ ಕಾಣಲಿಲ್ಲ, ಆದರೂ ಬೇರೆಯವರ ಮನೆಯಲ್ಲಿ ನಮ್ಮ ಚಪ್ಪಲಿ ಬಿಟ್ಟು ಬರುವುದು ಬೇಡವೆಂದು ಸೇರಿಸಿದೆ. ಫೋಲ್ಡರ್‌ನ ಹೆಸರು ಎಲ್ಲಿಯೂ ಸಾಲಿನಲ್ಲಿ ಹಾದುಹೋಗದ ಕಾರಣ ಖಾಲಿ ಜಾಗ, ಒಂಟಿ ಚಿಹ್ನೆ, ಕನ್ನಡ ಹೆಸರು ಯಾವುದೂ ಅಡ್ಡಿಯಾಗುವುದಿಲ್ಲ. ನಿಂತ ಜಾಗ ತಾನಾಗಿ ಹೊಸ ಕಿಟಕಿಗೆ ದಾಟುತ್ತದೆ. ಡಿ ಡ್ರೈವ್‌ನ ಹಳೆಕಥೆ ಎಂಬ ಫೋಲ್ಡರ್‌ನಿಂದ ಕರೆದಾಗ ಒಳಗೆ ಅದು /ಸಿಗ್‌ಡ್ರೈವ್/ಡಿ/ಹಳೆಕಥೆ ಎಂದು ಕಾಣುತ್ತದೆ, ಅಷ್ಟೆ.

ಜೂನ್ 13, ಶುಕ್ರವಾರ: ಓಡಿಸು

ಎರಡನೆಯ ಆಜ್ಞೆಗೆ ಓಡಿಸು ಎಂದು ಹೆಸರಿಟ್ಟೆವು. ಕಡತದ ಹೆಸರು ಕೊಟ್ಟರೆ ಹೊಸ ಕಿಟಕಿಯಲ್ಲಿ ಪರಿವರ್ತನೆ ನಡೆಯಬೇಕು. ಪರ್ಲ್ ಸ್ಕ್ರಿಪ್ಟ್ ಅನ್ನು ಕರೆಯುವ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟೊಂದನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಉಳಿಸಿದೆ. ಓಡಿಸಿದಾಗ ಕಿಟಕಿ ತೆರೆದು, ಏನೋ ಬರೆದು, ಓದುವಷ್ಟರಲ್ಲಿ ಮುಚ್ಚಿಕೊಂಡಿತು.

ಕೆಲಸ ಮುಗಿದ ಮೇಲೂ ಕಿಟಕಿ ತೆರೆದಿರಬೇಕಾದರೆ ಮಿಂಟಿಗೆ ಹೈಫನ್ ಹೆಚ್ ಕೊಟ್ಟು ಆಲ್‌ವೇಸ್ ಎನ್ನಬೇಕು. ಅದನ್ನು ಸಾಲಿನ ಕೊನೆಯಲ್ಲಿ ಸೇರಿಸಿದೆ. ಏನೂ ಬದಲಾಗಲಿಲ್ಲ. ಮಿಂಟಿಯ ಆಯ್ಕೆಗಳು ಓಡಿಸಬೇಕಾದ ಕಾರ್ಯಕ್ರಮದ ಹೆಸರಿಗಿಂತ ಮುಂಚೆ ಬರಬೇಕು. ನಂತರ ಬಂದದ್ದೆಲ್ಲ ಆ ಕಾರ್ಯಕ್ರಮಕ್ಕೆ ಸೇರುತ್ತದೆ. ನನ್ನ ಪರಿವರ್ತನೆಯ ಸ್ಕ್ರಿಪ್ಟ್ ಆಲ್‌ವೇಸ್ ಎಂಬ ಹೆಸರಿನ ಕಡತವನ್ನು ಹುಡುಕುತ್ತಿತ್ತು. ಮುಂದಕ್ಕೆ ತಂದ ಮೇಲೆ ಕಿಟಕಿ ನಿಂತಿತು, ಮಾಯವಾಗುತ್ತಿದ್ದ ಸಾಲೂ ಕಂಡಿತು: ಹಿಮ್ಮುಖ ಗೆರೆ ಮತ್ತು ಆರ್ ಎಂಬ ಆಜ್ಞೆ ಸಿಗಲಿಲ್ಲ ಎಂದು ಬ್ಯಾಶ್ ಹೇಳುತ್ತಿತ್ತು. ನೋಟ್‌ಪ್ಯಾಡ್ ಹೊಸ ಕಡತದ ಪ್ರತಿ ಸಾಲಿನ ತುದಿಗೂ ವಿಂಡೋಸ್ ಪದ್ಧತಿಯಂತೆ ಎರಡು ಗುರುತು ಇಡುತ್ತದೆ, ಯೂನಿಕ್ಸ್ ಒಂದನ್ನು ಮಾತ್ರ ಬಲ್ಲದು. ಡಾಸ್2ಯೂನಿಕ್ಸ್ ಎಂದು ಬರೆದು ಸ್ಕ್ರಿಪ್ಟ್‌ನ ಹೆಸರು ಕೊಟ್ಟಾಗ ಆ ಬಾಲ ಕಳಚಿತು. ಶನಿವಾರವೇ ಅದನ್ನು ಆರಿಸಿಟ್ಟುಕೊಂಡದ್ದು ಈ ಕೆಲಸದಲ್ಲಿ ನನ್ನ ಏಕೈಕ ಮುಂದಾಲೋಚನೆ.

ಆಲ್‌ವೇಸ್ ಬದಲು ಎರರ್ ಎಂದು ಕೊಟ್ಟರೆ ತಪ್ಪಾದಾಗ ಮಾತ್ರ ಕಿಟಕಿ ಉಳಿಯುತ್ತದೆ. ನನಗೆ ಅದೇ ಅಚ್ಚುಕಟ್ಟೆನಿಸಿ ಹಾಗೆ ಬದಲಿಸಿದೆ. ಮೇಡಂ ಎರಡು ಕಡತ ಓಡಿಸಿ ನೋಡಿ, "ಕಿಟಕಿ ಬಂತು, ಹೋಯ್ತು. ಆಯಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು ಸರ್?" ಎಂದರು. ಮತ್ತೆ ಆಲ್‌ವೇಸ್ ಎಂದೇ ಮಾಡಿ, ಸ್ಕ್ರಿಪ್ಟ್‌ನ ಕೊನೆಯಲ್ಲಿ ಎಷ್ಟು ಸಾಲು ಪರಿವರ್ತನೆಯಾಯಿತೆಂದು ಹೇಳುವ ಸಾಲೊಂದನ್ನು ಸೇರಿಸಿದೆ. ಅವರು ಹೇಳಿದ್ದೇ ಸರಿ. ಓಡಿಸು ಫೈಲ್‌ನ ಮೊದಲ ಮೂರು ಸಾಲು ಕಿಟಕಿಯವೇ, ಕೊನೆಯದು ಮಾತ್ರ ಹೀಗೆ:

ಸ್ಟಾರ್ಟ್ "" "ಡಿ:\ಸಿಗ್‌ವಿನ್64\ಬಿನ್\ಮಿಂಟಿ.ಇಎಕ್ಸ್‌ಇ" -ಹೆಚ್ ಆಲ್‌ವೇಸ್ /ಬಿನ್/ಬ್ಯಾಶ್ -ಎಲ್ /ಯುಎಸ್‌ಆರ್/ಲೋಕಲ್/ಬಿನ್/ಪರಿವರ್ತನೆ.ಎಸ್‌ಹೆಚ್ %*

ಕೊನೆಯ % ಮತ್ತು ನಕ್ಷತ್ರ, ಮೇಡಂ ಒತ್ತಿದ್ದನ್ನೆಲ್ಲ ಹಾಗೆಯೇ ಮುಂದಕ್ಕೆ ದಾಟಿಸುತ್ತವೆ. ಅವರು ಡಿ:\ ಎಂದು ಆರಂಭವಾಗುವ ವಿಂಡೋಸ್ ದಾರಿಯನ್ನು ಕೊಟ್ಟರೂ ನಡೆಯಲೆಂದು, ಸ್ಕ್ರಿಪ್ಟ್‌ನೊಳಗೆ ಸಿಗ್‌ಪಾತ್ ಹೈಫನ್ ಯು ಮೂಲಕ ಅದನ್ನು ಯೂನಿಕ್ಸ್ ದಾರಿಯಾಗಿ ತಿರುಗಿಸಿಕೊಂಡಿದ್ದೇನೆ. ನಿರೀಕ್ಷಿಸದೇ ಸಿಕ್ಕ ಲಾಭವೂ ಒಂದಿದೆ. ನಕ್ಷತ್ರ ಹಾಕಿ ಎಲ್ಲ ಟಿಎಕ್ಸ್‌ಟಿ ಕಡತಗಳನ್ನು ಒಟ್ಟಿಗೆ ಕೊಟ್ಟರೆ ಕಮಾಂಡ್ ಪ್ರಾಂಪ್ಟ್ ಅದನ್ನು ಬಿಡಿಸುವುದಿಲ್ಲ. ಆದರೆ ವಿಂಡೋಸ್ ಕಡೆಯಿಂದ ಕರೆದಾಗ ಸಿಗ್‌ವಿನ್ ಕಾರ್ಯಕ್ರಮಗಳು ತಾವೇ ಬಿಡಿಸಿಕೊಳ್ಳುತ್ತವೆ. ಹೀಗಾಗಿ ಒಂದೇ ಸಾಲಿನಲ್ಲಿ ಇಡೀ ಫೋಲ್ಡರ್ ಮುಗಿಯಿತು. ಶುಕ್ರವಾರ ಸಂಜೆ ಹೊತ್ತಿಗೆ 61 ಕಡತಗಳು ಪರಿವರ್ತನೆಯಾಗಿದ್ದವು.

ಕಿಟಕಿಯ ಅಂದಚಂದಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಮನೆಕೋಶದ ಮಿಂಟಿ ಸಂಯೋಜನೆಯ ಕಡತದಲ್ಲಿ ಅಕ್ಷರದ ಎತ್ತರ 14, ಅಗಲ 100 ಅಕ್ಷರ, 30 ಸಾಲು ಎಂದು ಬರೆದೆ. ಕನ್ನಡದ ವಿಷಯಕ್ಕೆ ಬಂದರೆ, ಪ್ರತಿ ಅಕ್ಷರವನ್ನೂ ಸಮ ಅಗಲದ ಮನೆಯಲ್ಲಿ ಕೂರಿಸುವ ಇಂಥ ಕಿಟಕಿಗೆ ನಮ್ಮ ಒತ್ತಕ್ಷರ ನುಂಗಲಾರದ ತುತ್ತು. ಶಾಸ್ತ್ರ ಎಂಬ ಹೆಸರಿನ ಕಡತದ ಒತ್ತುಗಳು ಪಕ್ಕದ ಮನೆಗೆ ಚೆಲ್ಲಿಕೊಂಡವು. ಎರಡು ಫಾಂಟ್ ಬದಲಿಸಿ ನೋಡಿ ಬಿಟ್ಟುಬಿಟ್ಟೆ. ಕಡತದೊಳಗಿನ ಕನ್ನಡ ಚೆನ್ನಾಗಿಯೇ ಇದೆ, ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸರಿಯಾಗಿ ಕಾಣುತ್ತದೆ. ಕಿಟಕಿಯಲ್ಲಿ ಓಡಿಸಿ, ಬೇರೆಡೆ ಓದಿ ಎಂದು ಮೇಡಂಗೆ ಹೇಳಿದ್ದೇನೆ.

ಜೂನ್ 14, ಶನಿವಾರ: ಉಳಿದ ಎರಡು ಯಂತ್ರಗಳು

ಎರಡನೆಯ ಯಂತ್ರಕ್ಕೆ ಪೆನ್ ಡ್ರೈವ್‌ನಿಂದ ಸ್ಥಾಪಿಸಲು ಒಂಬತ್ತು ನಿಮಿಷ ಸಾಕಾಯಿತು. ಅದೇ ಡಿ ಡ್ರೈವ್, ಅದೇ ಫೋಲ್ಡರ್ ಹೆಸರು; ಎರಡು ಬ್ಯಾಚ್ ಫೈಲ್‌ಗಳನ್ನೂ ಸ್ಕ್ರಿಪ್ಟ್‌ಗಳನ್ನೂ ನಕಲಿಸಿ, ಪಟ್ಟಿಗೆ ಒಂದು ಸಾಲು ಸೇರಿಸಿದೆ. ಸೆಟ್‌ಎಕ್ಸ್ ಮುಟ್ಟಲಿಲ್ಲ.

ಮೂರನೆಯದರಲ್ಲಿ ಸೆಟಪ್ ತೆರೆಯಲೇ ಇಲ್ಲ. ಈ ಕಾರ್ಯಕ್ರಮ ನಿಮ್ಮ ಯಂತ್ರದಲ್ಲಿ ಓಡುವುದಿಲ್ಲವೆಂದು ವಿಂಡೋಸ್ ಹೇಳಿತು. ಅದರಲ್ಲಿದ್ದದ್ದು 32 ಬಿಟ್‌ನ ವಿಂಡೋಸ್, ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಸಿಗ್‌ವಿನ್ 3.4ನೆಯ ಆವೃತ್ತಿಯಿಂದ 32 ಬಿಟ್‌ಗೆ ಬೆಂಬಲ ನಿಂತಿದೆ. ಹಳೆಯ ಆವೃತ್ತಿಯೊಂದನ್ನು ಹುಡುಕಿ ಹಾಕಬಹುದಿತ್ತು, ಆದರೆ ಮೂರು ಯಂತ್ರಗಳಲ್ಲಿ ಎರಡು ಬಗೆಯ ಸಿಗ್‌ವಿನ್ ಇಟ್ಟುಕೊಂಡು ತಿಂಗಳಿಗೊಮ್ಮೆ ತಲೆ ಕೆರೆದುಕೊಳ್ಳುವ ಮನಸ್ಸಾಗಲಿಲ್ಲ. ಅದರ ವಿಂಡೋಸ್ ಬದಲಿಸುವುದು ನನ್ನ ಕೈಯಲ್ಲಿಲ್ಲ.

ಸದ್ಯಕ್ಕೆ ಆ ಯಂತ್ರದ ಕಡತಗಳ ಫೋಲ್ಡರ್ ಅನ್ನು ಜಾಲದಲ್ಲಿ ಹಂಚಿ, ಎರಡನೆಯ ಯಂತ್ರದಿಂದ ಓಡಿಸುತ್ತಿದ್ದೇವೆ. ಇಲ್ಲಿಯೂ ಒಂದು ತೊಡಕು ಬಂದಿತು: ಎರಡು ಹಿಮ್ಮುಖ ಗೆರೆಗಳಿಂದ ಆರಂಭವಾಗುವ ಜಾಲದ ದಾರಿಗೆ ಸಿಡಿ ಮೂಲಕ ಹೋಗಲು ಕಮಾಂಡ್ ಪ್ರಾಂಪ್ಟ್ ಒಪ್ಪುವುದಿಲ್ಲ. ಸಿಡಿ ಬದಲು ಪುಷ್‌ಡಿ ಎಂದರೆ, ಅದು ಆ ಫೋಲ್ಡರ್‌ಗೆ ಜ಼ೆಡ್ ಎಂಬ ಡ್ರೈವ್ ಅಕ್ಷರವನ್ನು ತಾನೇ ಕೊಟ್ಟು ಒಳಗೆ ಕರೆದೊಯ್ಯುತ್ತದೆ. ಅಲ್ಲಿಂದ ಕಿಟಕಿ ಎಂದರೆ /ಸಿಗ್‌ಡ್ರೈವ್/ಜ಼ೆಡ್‌ನಲ್ಲಿ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಪಾಪ್‌ಡಿ ಒತ್ತುವುದನ್ನು ಮರೆತರೆ ಮುಂದಿನ ಸಲ ಅದು ವೈ ಡ್ರೈವ್ ಆಗುತ್ತದೆ, ಅದಕ್ಕೂ ಮುಂದಿನ ಸಲ ಎಕ್ಸ್. ಆಮೇಲೊಮ್ಮೆ ನೋಡಿದಾಗ ಆ ಎರಡನೆಯ ಯಂತ್ರದಲ್ಲಿ ಡಬ್ಲ್ಯುವರೆಗೆ ಬಂದಿತ್ತು.